ಆಯ್ತು ಬಿಡು

ಗ್ಯಾರೇಜಿನ ಬಾಗಿಲು ಮೇಲೇರುತ್ತಿದ್ದಂತೆ ಮೊದಲು ಬೂಟು ಕಂಡಿತು, ಆಮೇಲೆ ಬ್ಯಾಗು, ಕೊನೆಗೆ ಮುಖ. ತನಿಷಾಳ ಕೈಯಲ್ಲಿದ್ದ ಕಾಫಿ ತುಳುಕಿತು.

ವಿಶ್ರುತ್!

"ಫ್ಲೈಟ್ ಕ್ಯಾನ್ಸಲ್ ಆಯ್ತಂತೆ ಪಾಪ," ಹಿಂದಿನಿಂದ ಅಮ್ಮ ಕೌಸಲ್ಯಾ ಕೂಗಿದರು. "ಡೆಟ್ರಾಯ್ಟ್ ಕಡೆ ಯಾರಾದ್ರೂ ಹೋಗ್ತಿದೀರಾ ಅಂತ ಕನ್ನಡ ಕೂಟದ ಗ್ರೂಪಲ್ಲಿ ಕೇಳಿದ್ರು. ನಮ್ ತನಿ ಫ್ರೆಂಡ್ ಮಂಜರಿ ಸೀಮಂತಕ್ಕೆ ಡೆಟ್ರಾಯ್ಟ್ ಹತ್ರ ಕ್ಯಾಂಟನ್‌ಗೆ ಹೊರಟಿದಾಳೆ, ಕರ್ಕೊಂಡು ಹೋಗ್ತಾಳೆ ಅಂದ್ಬಿಟ್ಟೆ."

ಇಬ್ಬರೂ ಒಂದು ವರ್ಷ ಪ್ರೀತಿಸಿದ್ದು, ಎರಡು ತಿಂಗಳ ಹಿಂದೆ ಅವನು ಎರಡೇ ಪದಗಳಲ್ಲಿ ಅದನ್ನು ಮುಗಿಸಿದ್ದು, ಅವಳು ಅವನ ನಂಬರನ್ನು ಬ್ಲಾಕ್ ಮಾಡಿದ್ದು... ಚಿಕಾಗೋ ಪಕ್ಕದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಅಮ್ಮನಿಗೆ ಗೊತ್ತಿರದ ಏಕೈಕ ಸಂಗತಿ ಅದು.

"ನಾನು ಬಸ್ ನೋಡ್ಕೋತೀನಿ," ಎಂದ ವಿಶ್ರುತ್.

"ಈ ಹಿಮಕ್ಕೆ ಬಸ್ಸೂ ಇಲ್ಲ. ಹತ್ತು," ಎಂದಳು ತನಿಷಾ.

ಮಿಷಿಗನ್ ಗಡಿ ದಾಟುವಷ್ಟರಲ್ಲಿ, ಮಧ್ಯಾಹ್ನ ಮೂರಕ್ಕೇ ಬೆಳಕು ಸತ್ತಿತ್ತು. ಸರೋವರದ ಕಡೆಯಿಂದ ಹಿಮ ಅಡ್ಡಡ್ಡ ಬೀಸುತ್ತಿತ್ತು. ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಇಪ್ಪತ್ತೊಂಬತ್ತು ಪರ್ಸೆಂಟ್, ಚಾರ್ಜರ್ ಇನ್ನೂ ನಲವತ್ತು ಮೈಲಿ. ಹೀಟರ್ ಆರಿಸಿ ಸೀಟಿನ ಬಿಸಿಯಷ್ಟನ್ನೇ ಉಳಿಸಿಕೊಂಡಿದ್ದರು. ಉಸಿರಾಡಿದರೆ ಬಾಯಿಂದ ಹೊಗೆ ಬರುತ್ತಿತ್ತು.

ಪಕ್ಕದ ಹಳ್ಳದಲ್ಲಿ ಕಾರೊಂದು ಮೂಗು ಹೂತು ನಿಂತಿತ್ತು. ದೀಪಗಳು ಇನ್ನೂ ಮಿನುಗುತ್ತಿದ್ದವು. ಒಳಗೆ ಯಾರೂ ಇಲ್ಲ. ಹೊರಗೆ ಹೆಜ್ಜೆ ಗುರುತೂ ಇಲ್ಲ.

"ತನಿ... ಒನ್ ಪೆಡಲ್ ಆಫ್ ಮಾಡು." ಡೆಟ್ರಾಯ್ಟ್ ಬಳಿಯ ಆಬರ್ನ್ ಹಿಲ್ಸ್‌ನಲ್ಲಿ ಕಾರುಗಳ ಬ್ರೇಕ್ ಪರೀಕ್ಷಿಸುವುದೇ ಅವನ ಉದ್ಯೋಗ. "ಅದು ಆನ್ ಇದ್ರೆ ಆಕ್ಸಿಲರೇಟರಿಂದ ಕಾಲು ತೆಗೆದ ತಕ್ಷಣ ಮೋಟಾರೇ ಬ್ರೇಕ್ ಹಾಕತ್ತೆ. ಐಸ್ ಮೇಲೆ ಹಿಂದಿನ ಚಕ್ರ ಜಾರಿದ್ರೆ ಗಾಡಿ ಬುಗುರಿ ಆಗತ್ತೆ."

"ಇಟ್ಸ್ ಮೈ ಕಾರ್, ವಿಶ್ರುತ್."

"ಅದು ಐಸ್‌ಗೆ ಗೊತ್ತಿಲ್ಲ."

'ಇವನಿಗೆ ಬ್ರೇಕ್ ಹಾಕೋದು ಚೆನ್ನಾಗಿ ಗೊತ್ತು!' ಎಂದುಕೊಂಡಳು. ಸೆಟ್ಟಿಂಗ್ ಮುಟ್ಟಲಿಲ್ಲ.

ಐಸ್ ಕಟ್ಟಿದ ಸೇತುವೆಯ ಮೇಲೆ ಟಯರಿನ ಸದ್ದು ಇದ್ದಕ್ಕಿದ್ದಂತೆ ನಿಂತುಹೋಯಿತು. ಆ ಮೌನದಲ್ಲಿ, ಸೇತುವೆ ಮುಗಿಯುವಲ್ಲಿ, ಬಿಳುಪಿನೊಳಗಿಂದ ಕೆಂಪು ದೀಪಗಳು ಎದ್ದುಬಂದವು. ರಸ್ತೆಗೆ ಅಡ್ಡಲಾಗಿ ನಿಂತ ಟ್ರಕ್!

ಅವಳ ಪಾದ ಪೆಡಲಿನಿಂದ ಎದ್ದಿತು. ಕಾರಿನ ಹಿಂಭಾಗ ಬಲಕ್ಕೆ ತೇಲಿತು.

"ಬಿಡಬೇಡ!" ವಿಶ್ರುತ್ ಕೂಗಿದ. "ಪೂರ್ತಿ ಬಿಡಬೇಡ! ಒಂಚೂರು ಒತ್ತು... ಹಾಂ. ಟ್ರಕ್ ನೋಡಬೇಡ ಕಣೇ, ಬಲಗಡೆ ರಸ್ತೆ ಅಂಚು ನೋಡು, ಅಲ್ಲಿಗೇ ತಿರುಗ್ಸು. ಈಗ ನಿಧಾನಕ್ಕೆ... ಮೊಟ್ಟೆ ಮೇಲೆ ಕಾಲಿಟ್ಟ ಹಾಗೆ..."

ಕಾರು ನೆಟ್ಟಗಾಯಿತು. ಸೇತುವೆ ಕಳೆದು, ಅಂಚಿನ ಹಿಮದ ರಾಶಿಗೆ ಕರಕರನೆ ನುಗ್ಗಿ ನಿಂತಿತು. ಟ್ರಕ್ ಹತ್ತೇ ಅಡಿ ದೂರದಲ್ಲಿತ್ತು.

ಅವಳು ಹಜಾರ್ಡ್ ದೀಪ ಹಾಕಿದಳು. ಆಮೇಲೆ ಅತ್ತಳು.

"ಅವತ್ತು ಬಿಡು ಅಂದೆ... ಇವತ್ತು ಬಿಡಬೇಡ ಅಂತೀಯ!"

"ಯಾವತ್ತು ಅಂದೆ?"

"ಚಿಕಾಗೋ ಬಿಟ್ಟು ಬರಕ್ಕಾಗಲ್ಲ, ನೀನೇ ಬರ್ತೀಯಾ ಅಂತ ಟೆಕ್ಸ್ಟ್ ಮಾಡಿದ್ನಲ್ಲ? ಏನ್ ಬರ್ದೆ ನೀನು? 'ಆಯ್ತು ಬಿಡು.' ಆಯ್ತು ಅಂದ್ರೆ ಫಿನಿಶ್ಡ್. ಬಿಡು ಅಂದ್ರೆ ಲೀವ್!"

ನಗುವೋ ಅಳುವೋ ತಿಳಿಯದ ಸದ್ದೊಂದು ಅವನ ಗಂಟಲಿಂದ ಹೊರಟಿತು.

"ಅಯ್ಯೋ ನನ್ ಕರ್ಮ! ಆಯ್ತು ಬಿಡು ಅಂದ್ರೆ ಓಕೆ ಅಂತ ಕಣೇ! ಬರ್ತೀನಿ ಅಂತ! ನಾನು ಚಿಕಾಗೋಗೆ ಯಾಕ್ ಬಂದಿದ್ದೆ ಅನ್ಕೊಂಡೆ? ಇಂಟರ್‌ವ್ಯೂಗೆ. ಎರಡು ತಿಂಗಳಲ್ಲಿ ಇದು ಮೂರನೇದು."

ಭಾನುವಾರದ ಕನ್ನಡ ಕ್ಲಾಸಿನಲ್ಲಿ ಅಮೆರಿಕದಲ್ಲೇ ಬೆಳೆದ ಅವಳಿಗೆ ಒಂದೊಂದು ಪದದ ಅರ್ಥವನ್ನೂ ಕಲಿಸಿದ್ದರು. ಎರಡು ಸೇರಿದರೆ ಏನಾಗುತ್ತದೆಂದು ಯಾರೂ ಹೇಳಿರಲಿಲ್ಲ.

"ನಾನು ಬ್ಲಾಕ್ ಮಾಡಿದ್ರೂ...?"

"ಬರ್ತೀಯಾ ಅಂತ ನೀನೇ ಕೇಳಿದ್ದೆ. ಬೇಡ ಅಂತ ನೀನು ಹೇಳೇ ಇರ್ಲಿಲ್ವಲ್ಲ."

ಹಿಮದೊಳಗಿಂದ ಟಾರ್ಚ್ ಅಲ್ಲಾಡಿತು. ಪಕ್ಕದಿಂದ ಹೋಗಿ ಎಂದು ಟ್ರಕ್ ಡ್ರೈವರ್ ಸನ್ನೆ ಮಾಡುತ್ತಿದ್ದ. ತನಿಷಾ ಕಣ್ಣೊರೆಸಿಕೊಂಡು, ತಾನಾಗಿಯೇ ಒನ್ ಪೆಡಲ್ ಆಫ್ ಮಾಡಿದಳು. ಕಾರು ತೆವಳಿತು. ಹಿಂದಿದ್ದ ಸೇತುವೆಯನ್ನು ಬಿಳುಪು ನುಂಗಿತು. ಮುಂದಿನ ದಾರಿಯೂ ಕಾಣುತ್ತಿರಲಿಲ್ಲ. ಬ್ಯಾಟರಿ ಇಪ್ಪತ್ತಾರು ಪರ್ಸೆಂಟ್.

"ತನಿ," ಅವನು ಮೆಲ್ಲಗೆ ಕೇಳಿದ, "ಊರು ಸೇರಿದ್ರೆ, ನನ್ನ ಮನೆ ಹತ್ರ ಬಿಡ್ತೀಯಾ?"

ಅವಳು ರಸ್ತೆಯಿಂದ ಕಣ್ಣು ಕೀಳಲಿಲ್ಲ.

"ಬಿಡಲ್ಲ."