ಚಷ್ಮಾ ತೆಗೆದ ಮೇಲೆ

ಚೆಂಡು ಗೋಡೆಗೆ ಬಡಿಯಿತು. ಕೆಂಪು ಚುಕ್ಕೆಗಲ್ಲ, ಅದರ ಎಡಕ್ಕೆ ಒಂದು ಗೇಣು ದೂರ.

ತ್ರಿವೇಣಿಗೆ ನಂಬಿಕೆಯೇ ಬರಲಿಲ್ಲ. ಕಮಲಾಪುರದ ಶಾಲೆಯ ಕ್ರಿಕೆಟ್ ಟೀಮಿಗೆ ಅವಳೇ ಕ್ಯಾಪ್ಟನ್. ಅವಳು ಒಗೆದ ಚೆಂಡು ಸ್ಟಂಪ್ ತಪ್ಪಿಸಿಕೊಂಡು ಹೋಗುವುದೆಂದರೆ ಅಪರೂಪ.

ಅವಳು ಬಂದದ್ದು ಕಲಬುರಗಿಯ ಸೇಡಂ ರಸ್ತೆಯ ಒಂದು ಲ್ಯಾಬಿಗೆ. ಅವ್ವನ ತಂಗಿ ಸುಮಂಗಲಾ ಚಿಗವ್ವನಿಗೆ ಅಲ್ಲೇ ಕೆಲಸ. ನಮ್ಮ ಕೈಕಾಲುಗಳನ್ನು ಮಿದುಳು ಹೇಗೆ ಆಡಿಸುತ್ತದೆ ಎಂದು ಅಲ್ಲಿ ಪರೀಕ್ಷೆ ಮಾಡುತ್ತಾರೆ. ಚಿಗವ್ವ ಮೊದಲು ಅವಳಿಗೊಂದು ದಪ್ಪ ಚಷ್ಮಾ ಹಾಕಿದ್ದಳು. ಅದರ ಗಾಜು ಎಲ್ಲವನ್ನೂ ಬಲಕ್ಕೆ ಸರಿಸಿ ತೋರಿಸುತ್ತಿತ್ತು. ಮೊದಮೊದಲು ಚೆಂಡು ಬಲಕ್ಕೆ ಹೋಯಿತು. ಒಗೆಯುತ್ತ ಒಗೆಯುತ್ತ ಗುರಿ ಸರಿಹೋಯಿತು. ಈಗ ಚಷ್ಮಾ ತೆಗೆದಾಗಿದೆ, ಎಲ್ಲ ಸರಿಯಾಗಿ ಕಾಣುತ್ತಿದೆ. ಆದರೂ ಚೆಂಡು ಎಡಕ್ಕೇ ಹೋಗುತ್ತಿದೆ.

"ಚಿಗವ್ವಾ, ನನ್ನ ಕೈ ಕೆಟ್ಟದ," ಎಂದಳು. ಅಳು ಬರುವಂತಾಗಿತ್ತು. ನಾಳೆ ಬೇರೆ ಮ್ಯಾಚ್ ಇತ್ತು.

"ಹುಚ್ಚಿ, ಕೈಗೇನೂ ಆಗಿಲ್ಲ. ಚಷ್ಮಾದ ತಪ್ಪು ತಿದ್ದಾಕ ನಿನ್ನ ಮಿದುಳು ಕೈನ ಎಡಕ್ಕ ಹೊಳ್ಳಿಸಿತ್ತು. ಈಗ ಚಷ್ಮಾ ಇಲ್ಲ, ಆದ್ರ ಅದು ಇನ್ನೂ ತಿದ್ದಾಕತ್ತದ. ಒಗೀತಾ ಇರು, ಸರಿ ಆಗ್ತದ."

ಸರಿಯಾಯಿತು ಕೂಡ. ಚೆಂಡು ಸ್ವಲ್ಪ ಸ್ವಲ್ಪವೇ ಸರಿದು ಕೊನೆಗೆ ಚುಕ್ಕೆಗೇ ಬಡಿಯಿತು. ತ್ರಿವೇಣಿಗೆ ಹೋದ ಜೀವ ಬಂದಂತಾಯಿತು.

ಕಮಲಾಪುರದ ಬಸ್ಸಿನಲ್ಲಿ ಕುಳಿತಾಗ ಮಾತ್ರ ಶಹಬಾಜ್ ನೆನಪಾದ. ಹೋದ ವಾರ ಅವನಿಗೆ ಹೊಸ ಚಷ್ಮಾ ಬಂದಿತ್ತು. ಅಂದಿನಿಂದ ಕ್ಯಾಚ್ ಮೇಲೆ ಕ್ಯಾಚ್ ಬಿಟ್ಟಿದ್ದ. ಚೆಂಡು ಬೇರೆ ಕಡೆ ಕಾಣುತ್ತದೆ ಎಂದು ಹೇಳಿಯೂ ಇದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ತ್ರಿವೇಣಿ ಎಲ್ಲರೆದುರು ನಕ್ಕು, ಅವನನ್ನು ಟೀಮಿನಿಂದ ತೆಗೆದಿದ್ದಳು. ಈಗ ಅವಳಿಗೆ ತುಂಬಾ ನಾಚಿಕೆಯಾಯಿತು.

ಮರುದಿನ ಮ್ಯಾಚಿಗೆ ಮುಂಚೆ ಶಹಬಾಜ್ ತಾನಾಗಿಯೇ ಬಂದ. ಚಷ್ಮಾ ಜೇಬಿನಲ್ಲಿತ್ತು.

"ತೆಗ್ದೀನಿ," ಎಂದ. "ಈಗರೆ ಆಡಿಸ್ತಿ ಏನು?"

ತ್ರಿವೇಣಿ ಅವನ ಜೇಬಿನ ಕಡೆ ಕೈ ತೋರಿಸಿದಳು.

"ಹಾಕ್ಕೋ," ಎಂದಳು. "ಹಾಕ್ಕೊಂಡೇ ಆಡು. ಇವತ್ತು ಟೀಮಿನಾಗ ನೀನೂ ಇದ್ದಿ."

ಅವನು ಹಾಕಿಕೊಂಡ. ಅವಳು ಮೆಲ್ಲಗೆ ಚೆಂಡು ಒಗೆದಳು. ಅದು ಅವನ ಬೆರಳಿಗೆ ತಾಕಿ ಕೆಳಗೆ ಬಿತ್ತು. ಹಿಂದೆ ಯಾರೋ ಕಿಸಕ್ಕೆಂದರು. ಶಹಬಾಜನ ಕೈ ಮತ್ತೆ ಚಷ್ಮಾದ ಕಡೆ ಹೋಯಿತು.

ತ್ರಿವೇಣಿ ತಾನೇ ಓಡಿಹೋಗಿ ಚೆಂಡು ಎತ್ತಿಕೊಂಡು ಬಂದಳು. ಅವನು ಕೈ ಚಾಚುವವರೆಗೆ ಕಾದು, ಇನ್ನೊಮ್ಮೆ ಒಗೆದಳು.