ತಳ ಹಿಡಿದ ಗಂಜಿ

ಬಹಳ ಬಹಳ ಹಿಂದೆ, ಮೀನುಗಳೂ ಮಾತಾಡುತ್ತಿದ್ದ ಕಾಲದಲ್ಲಿ, ಶಂಖಾವತಿ ಎಂಬ ಕಡಲ ರಾಜ್ಯವಿತ್ತು. ಅಲ್ಲಿನ ಬೆಸ್ತರ ಹುಡುಗಿ ಮುಕ್ತುವಿಗೆ ಅಣ್ಣ ಸೂರನೇ ತಂದೆ, ಅವನೇ ತಾಯಿ. ದೋಣಿ ನಡೆಸುವುದರಲ್ಲಿ ಸೂರನದು ಎತ್ತಿದ ಕೈ. ಅಡುಗೆ ಮಾತ್ರ ಕೇಳಲೇಬೇಡಿ. ದಡದಲ್ಲಿ ಬಿಡಾರ ಹೂಡಿ ಮೂರು ಕಲ್ಲಿನ ಒಲೆ ಇಡುವಾಗ ಅದರ ಬಾಯಿ ಗಾಳಿಗೆ ಎದುರಾಗಬಾರದೆಂದು ಅಲ್ಲಿಯ ಕೂಸಿಗೂ ಗೊತ್ತು. ಈ ಮಹಾರಾಯ ಮಾತ್ರ ಕಣ್ಣಿಗೆ ಹೊಗೆ ಬರುತ್ತದೆಂದು ಒಲೆಯ ಬಾಯನ್ನು ಗಾಳಿಗೇ ತಿರುಗಿಸುತ್ತಿದ್ದ. ಬೆಂಕಿ ಧಗಧಗನೆ ಉರಿದು ಗಂಜಿ ತಳ ಹಿಡಿಯುತ್ತಿತ್ತು. ಮುಕ್ತು ದಿನಾ ಬೈಯುತ್ತಿದ್ದಳು, ಅವನು ದಿನಾ ನಗುತ್ತಿದ್ದ.

ಒಮ್ಮೆ ಮುತ್ತು ಹುಡುಕಲು ಹೋದ ಸೂರ ಹಿಂತಿರುಗಲಿಲ್ಲ. ಬದಲಿಗೆ ಒಂದು ಕಡಲಹಕ್ಕಿ ಬಂದು ಹೇಳಿತು: "ಮಾಂತ್ರಿಕ ವಕ್ರದಂತ ನಿನ್ನ ಅಣ್ಣನನ್ನು ತನ್ನ ದ್ವೀಪದಲ್ಲಿ ಹಿಡಿದಿಟ್ಟಿದ್ದಾನೆ. ಮೂರನೆಯ ದಿನ ಹೊತ್ತು ಮುಳುಗುವುದರೊಳಗೆ ಅಲ್ಲಿಗೆ ಬಂದು ಅಣ್ಣನನ್ನು ಗುರುತಿಸಿದರೆ ಮಾಂತ್ರಿಕನ ಮಾಯೆಯೆಲ್ಲ ಅಳಿಯುತ್ತದೆ. ತಪ್ಪಿದರೆ ನನ್ನ ಹಾಗೆ ನೀವಿಬ್ಬರೂ ಹಕ್ಕಿಗಳಾಗುತ್ತೀರಿ."

"ಸ್ವಂತ ಅಣ್ಣನನ್ನು ಗುರುತಿಸುವುದು ಏನು ಮಹಾ?" ಎಂದಳು ಮುಕ್ತು. ಅಕ್ಕಿ, ಉಪ್ಪು, ಒಣಮೀನು, ಒಂದು ಮಡಕೆ ಕಟ್ಟಿಕೊಂಡು, ಒಬ್ಬರೇ ಕೂರುವ ಪುಟ್ಟ ದೋಣಿಯನ್ನು ನೀರಿಗೆ ನೂಕಿದಳು.

ಎಂಥ ಕಡಲು ಅದು. ಹುಟ್ಟು ಹಾಕಿದಲ್ಲೆಲ್ಲ ನೀರು ಹಸಿರಾಗಿ ಮಿನುಗುತ್ತಿತ್ತು, ಬಣ್ಣದ ಮೀನುಗಳು ದೋಣಿಯ ಮೇಲೆ ಹಾರಿ ಆಚೆ ಬೀಳುತ್ತಿದ್ದವು. ಹೆದರಿಕೆಯ ನಡುವೆಯೂ ಅವಳಿಗೆ ಖುಷಿ ತಡೆಯಲಾಗಲಿಲ್ಲ. ಸಂಜೆ ಮೊದಲ ದಡ ಮುಟ್ಟಿದರೆ ಮನೆಯಷ್ಟು ದೊಡ್ಡ ಏಡಿ ಅಡ್ಡ ನಿಂತಿತ್ತು.

"ಬೆನ್ನಿಗೆ ಚಿಪ್ಪು ಅಂಟಿ ನೂರು ವರ್ಷದಿಂದ ತುರಿಸುತ್ತಿದೆ. ಕೆರೆದು ತೆಗೆ, ಇಲ್ಲವೇ ನಿನ್ನನ್ನು ತಿನ್ನುತ್ತೇನೆ."

ದೋಣಿಯ ತಳ ಕೆರೆದು ಬೆಳೆದವಳಿಗೆ ಇದು ಯಾವ ಲೆಕ್ಕ? ಕತ್ತಿ ತೆಗೆದು ಸರಸರನೆ ಕೆರೆದಳು. ಏಡಿ ಹಾಯೆಂದು ಪಕ್ಕಕ್ಕೆ ಸರಿಯಿತು. ಅದರ ಹಿಂದೆ ಮೂರು ಕಲ್ಲಿನ ಒಲೆಯೊಂದಿತ್ತು, ಬಾಯಿ ಗಾಳಿಗೆ ಎದುರು. ಅಣ್ಣ ಇದೇ ದಾರಿಯಲ್ಲಿ ಹೋಗಿದ್ದಾನೆ ಎಂದು ಮುಕ್ತುವಿನ ಎದೆ ಕುಣಿಯಿತು. ಒಲೆ ತಿರುಗಿಸಿಟ್ಟು ಗಂಜಿ ಬೇಯಿಸಿ ಉಂಡಳು.

ಎರಡನೆಯ ದಿನ ಬಂಡೆಗಳ ನಡುವೆ ಏಳು ಹೆಡೆಯ ಹಾವು ಬಿಕ್ಕಳಿಸುತ್ತಿತ್ತು. ಒಂದೊಂದು ಬಿಕ್ಕಳಿಕೆಗೂ ತೆಂಗಿನ ಮರದೆತ್ತರದ ಅಲೆ. ಮುಕ್ತು ಸೊಂಟಕ್ಕೆ ಕೈಯಿಟ್ಟು ಕೇಳಿದಳು: "ರಾಜನ ಉಗ್ರಾಣದ ಬೆಣ್ಣೆ ಕದ್ದವನು ನೀನೇ ಅಂತೆ?"

"ನಾನೇ? ನಾನ್ಯಾಕೆ ಕದಿಯಲಿ?" ಎಂದು ಏಳೂ ಹೆಡೆ ಬೆಚ್ಚಿಬಿದ್ದವು. ಬಿಕ್ಕಳಿಕೆ ನಿಂತೇಹೋಯಿತು. ಹಾವಿಗೆ ಸಂತೋಷವಾಗಿ ದೋಣಿಯನ್ನು ತಾನೇ ಬಾಲದಿಂದ ನೂಕಿ ಎರಡನೆಯ ದಡ ಮುಟ್ಟಿಸಿತು. ಅಲ್ಲೂ ಅದೇ ತಿರುಗುಮುರುಗು ಒಲೆ.

ಮೂರನೆಯ ದಿನ ಮಧ್ಯಾಹ್ನ ಮಾಂತ್ರಿಕನ ದ್ವೀಪ ಬಂತು. ಆಕಾಶದ ತುಂಬ ಹಕ್ಕಿಗಳು ಕಿರುಚುತ್ತಿದ್ದವು. ದಡದಲ್ಲಿ ವಕ್ರದಂತ ನಿಂತಿದ್ದ, ಅವನ ಹಿಂದೆ ಒಂಬತ್ತು ಜನ ಸೂರ. ಅದೇ ಮುಖ, ಅದೇ ಮಚ್ಚೆ. ಮುಕ್ತು ಒಬ್ಬೊಬ್ಬರನ್ನೇ ದಿಟ್ಟಿಸಿ ನೋಡಿದಳು.

"ಒಬ್ಬನನ್ನು ಮುಟ್ಟು," ಎಂದ ಮಾಂತ್ರಿಕ. "ಒಂದೇ ಸಲ."

"ತಂಗೀ, ನಾನೇ ಸೂರ," ಎಂದರು ಒಂಬತ್ತೂ ಜನ ಒಟ್ಟಿಗೆ. ಚಿಕ್ಕಂದಿನ ಮಾತು ಕೇಳಿದಳು, ಒಂಬತ್ತೂ ಜನ ಸರಿಯಾಗಿ ಹೇಳಿದರು. ಹೊತ್ತು ಇಳಿಯುತ್ತಿತ್ತು. ಅಣ್ಣ ಎಷ್ಟು ಹತ್ತಿರ ಇದ್ದಾನೆ, ಕೈಗೆ ಮಾತ್ರ ಸಿಗುವುದಿಲ್ಲವಲ್ಲ ಎಂದು ಅವಳಿಗೆ ಅಳು ಬಂತು. ಅಳುವಿನ ಜೊತೆ ಹೊಟ್ಟೆಯೂ ಚುರುಗುಟ್ಟಿತು. ಆಗ ಥಟ್ಟನೆ ಹೊಳೆಯಿತು.

"ಹಸಿವಿನಲ್ಲಿ ಕಣ್ಣೇ ಕಾಣುತ್ತಿಲ್ಲ. ಒಂಬತ್ತು ಜನವೂ ನನಗೆ ಗಂಜಿ ಬೇಯಿಸಿಕೊಡಲಿ."

ವಕ್ರದಂತ ಹೊಟ್ಟೆ ಹಿಡಿದು ನಕ್ಕ. "ಉಣ್ಣು, ನಾಳೆಯಿಂದ ಹಕ್ಕಿಯಾಗಿ ಮೀನು ಹೆಕ್ಕುವುದು ಇದ್ದೇ ಇದೆ." ಕೈ ಬೀಸಿದ, ಒಂಬತ್ತು ಮಡಕೆ ಬಂದವು.

ಒಂಬತ್ತು ಒಲೆ ಎದ್ದವು. ಎಂಟು ಒಲೆ ಗಾಳಿಗೆ ಬೆನ್ನು ಕೊಟ್ಟು ಹದವಾಗಿ ಉರಿದವು, ಎಂಟು ಮಡಕೆಯಲ್ಲಿ ಮಲ್ಲಿಗೆಯಂಥ ಗಂಜಿ ಬೆಂದಿತು. ಒಂಬತ್ತನೆಯದರಿಂದ ಸೀದ ವಾಸನೆ ಗಮ್ಮೆಂದು ಎದ್ದಿತು.

ಮುಕ್ತು ಓಡಿಹೋಗಿ ಅವನ ಕಿವಿಯನ್ನೇ ಹಿಡಿದಳು. "ಎಷ್ಟು ಸಲ ಹೇಳಿದ್ದೇನೆ ನಿನಗೆ?"

ಅಷ್ಟೇ. ಎಂಟು ಸೂರರು ಎಂಟು ಶಂಖಗಳಾಗಿ ಮರಳಿಗೆ ಉರುಳಿದರು. ವಕ್ರದಂತ ಒಲೆಯ ಹೊಗೆಯೊಳಗೆ ತಾನೂ ಹೊಗೆಯಾಗಿ ಹೋದ. ಹಕ್ಕಿಗಳು ಇಳಿದಿಳಿದು ಮನುಷ್ಯರಾದವು, ಒಬ್ಬರನ್ನೊಬ್ಬರು ಅಪ್ಪಿ ಅತ್ತರು, ನಕ್ಕರು.

ದ್ವೀಪದ ದಡದಲ್ಲಿ ಬಿದ್ದಿದ್ದ ಅವರ ನೂರು ದೋಣಿಗಳು ಮೂರು ದಿನದ ದಾರಿಯಲ್ಲಿ ಜೊತೆಯಾಗಿ ಮರಳಿದವು. ಪ್ರತಿ ದಡದಲ್ಲೂ ಹಾಡು, ಕುಣಿತ. ಅಡುಗೆ ಮಾಡಲು ಎಷ್ಟೋ ಜನ ಮುಂದೆ ಬಂದರು, ಮುಕ್ತು ಯಾರಿಗೂ ಬಿಡಲಿಲ್ಲ. "ನಮ್ಮಣ್ಣನೇ ಮಾಡಲಿ," ಎಂದಳು. ಅವನು ಒಲೆಯ ಬಾಯನ್ನು ಗಾಳಿಗೆ ತಿರುಗಿಸುವುದನ್ನು ನೋಡುತ್ತಾ ಸುಮ್ಮನೆ ಕೂತಳು. ಮೊದಲ ಬಟ್ಟಲು ತಾನೇ ಇಸಿದುಕೊಂಡು, ತಳದ ಕರಿಯನ್ನೂ ಬಿಡದೆ ಕೆರೆದು ಉಂಡಳು. ಆಮೇಲೆ ಅವರು ಬದುಕಿದಷ್ಟು ಕಾಲವೂ ಸುಖವಾಗಿದ್ದರು, ಗಂಜಿ ಮಾತ್ರ ಕೊನೆಯವರೆಗೂ ಸೀಯುತ್ತಲೇ ಇತ್ತು.