ಗಟ್ಟಿ ಸೊಸೆ

ಢಮ್ ಎಂದಿತು.

ಅವಳು ಪಕ್ಕದಲ್ಲಿದ್ದವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಎದುರಿಗೆ ಎರಡು ಕಂಬಗಳ ನಡುವೆ ಬಿಗಿದಿದ್ದ ಉಕ್ಕಿನ ತಗಡು, ಹಿಂಡಿದ ಬಟ್ಟೆಯಂತೆ ಓರೆಯಾಗಿ ಸುಕ್ಕುಗಟ್ಟಿತ್ತು. ತಾನು ವಿನ್ಯಾಸ ಮಾಡಿದ ಮೊದಲ ಗೋಡೆ... ಮುರಿದೇ ಹೋಯಿತೆ?

"ಮುರಿದಿಲ್ಲ. ಏಟೆಲ್ಲ ತಗಡೇ ತಿಂದುಕೊಂಡಿದೆ. ಕಂಬ ನೋಡಿ, ನೆಟ್ಟಗಿದೆ," ಎಂದ ಅವನು.

ಭೂಕಂಪದಲ್ಲಿ ತಗಡು ಬಗ್ಗಬೇಕು, ಕಂಬ ಉಳಿಯಬೇಕು ಎಂದು ಅವಳು ಓದಿದ್ದಳು. ಸದ್ದು ಮಾತ್ರ ಪುಸ್ತಕದಲ್ಲಿ ಇರಲಿಲ್ಲ.

ಆ ಪರೀಕ್ಷಾಲಯದಲ್ಲಿ ಗೋಡೆಗಳನ್ನು ಯಂತ್ರದಿಂದ ತಳ್ಳಿ ಪರೀಕ್ಷಿಸುವುದು ಅವನ ಕೆಲಸ. ಅದಕ್ಕೇ ಎಲ್ಲರ ಬಾಯಲ್ಲೂ ಅವನ ಅಡ್ಡಹೆಸರು ನಡುಕಪ್ಪ. ಮುಂದಿನ ಪರೀಕ್ಷೆಗಳಲ್ಲೆಲ್ಲ, ಸದ್ದಾಗುವ ಮೊದಲು ಅವನು ಅವಳ ಹೆಗಲನ್ನು ಒಂದೇ ಬೆರಳಿಂದ ಮುಟ್ಟಿ ಎಚ್ಚರಿಸುತ್ತಿದ್ದ. ಆ ಬೆರಳಿನ ಮೇಲೆಯೇ ಅವಳಿಗೆ ಮನಸ್ಸಾಯಿತು.

ಒಂದು ಭಾನುವಾರ ಅವನು ತನ್ನ ತಾಯಿಗೆ ತೋರಿಸಲು ಅವಳನ್ನು ಮನೆಗೆ ಕರೆದುಕೊಂಡು ಹೋದ. ಮದುವೆಯಾದ ಮೇಲೂ ಕೆಲಸಕ್ಕೆ ಹೋಗುತ್ತೀಯಾ ಎಂದು ಆಕೆ ಕೇಳಿದ್ದಕ್ಕೆ ಇವಳು ತುಸು ಜೋರಾಗಿಯೇ ವಾದಿಸಿಬಿಟ್ಟಳು. ಹೊರಡುವ ಮುಂಚೆ, ನಾಚಿಕೆಯಾಗಿ, ಎಲ್ಲರ ಲೋಟ ತೊಳೆದಿಟ್ಟಳು.

ಮರುದಿನ ಪರೀಕ್ಷಾಲಯದ ಬಾಗಿಲಿಗೆ ಬಂದಾಗ ಅವನು ಒಳಗೆ ಯಾರಿಗೋ ಹೇಳುತ್ತಿದ್ದ.

"ಈ ಸೊಸೆ ಬೇಡ. ತುಂಬಾ ಗಟ್ಟಿ, ಬಗ್ಗೋದೇ ಇಲ್ಲ. ಇವಳಿಂದ ಮನೆ ಬೀಳುತ್ತೆ."

ಅವಳು ಒಳಗೆ ಹೋಗಲಿಲ್ಲ. ಬೇರೆ ಊರಿನ ಕಚೇರಿಗೆ ವರ್ಗ ಕೇಳಿದಳು. ಅವನ ಫೋನ್ ಎತ್ತಲಿಲ್ಲ. ಹುಡುಕಿಕೊಂಡು ಬಂದವನನ್ನು ಅಣ್ಣ ಬಾಗಿಲಿನಿಂದಲೇ ವಾಪಸ್ ಕಳಿಸಿದ. ಅವಳು ಕಿಟಕಿಯ ಹಿಂದೆಯೇ ನಿಂತಿದ್ದಳು...

ಕಿವಿಯ ಬಳಿ ಕೂದಲು ಬೆಳ್ಳಗಾದ ಮೇಲೆ, ಆಸ್ಪತ್ರೆಯೊಂದರ ಗೋಡೆಯ ಪರೀಕ್ಷೆಗಾಗಿ ಅದೇ ಪರೀಕ್ಷಾಲಯಕ್ಕೆ ಬರಬೇಕಾಯಿತು. ಅವನು ಅಲ್ಲೇ ಇದ್ದ. ಬನ್ನಿ ಎಂದನಷ್ಟೆ. ಗಾಳಿ ಬರುವ ಕಡೆಗೆ ಅವಳ ಕುರ್ಚಿಯನ್ನು ಸರಿಸಿಟ್ಟ.

ಮೇಲಿನಿಂದ ಕ್ರೇನಿನವನು ಕೂಗಿದ: "ನಡುಕಪ್ಪಾ, ಸೊಸೇನ ಅತ್ತೆ ಮುಂದೆ ನಿಲ್ಲಿಸ್ಲಾ?"

ಅವಳು ಥಟ್ಟನೆ ಅವನತ್ತ ತಿರುಗಿದಳು. "ಏನಂದ್ರು ಅವರು?"

"ತಳ್ಳೋ ಯಂತ್ರ ಅತ್ತೆ, ಗೋಡೆ ಸೊಸೆ. ನಮ್ಮಲ್ಲಿ ಹಳೇ ತಮಾಷೆ. ಆಗೆಲ್ಲ ನಿಮ್ಮೆದುರು ಯಾರೂ ಆಡದ ಹಾಗೆ ನೋಡ್ಕೊಂಡಿದ್ದೆ."

"ಹಾಗಾದ್ರೆ... ಗಟ್ಟಿ ಸೊಸೆ ಬೇಡ ಅಂದಿದ್ದು?"

"ಅದು ಯಾರದೋ ದಪ್ಪ ತಗಡಿನ ಗೋಡೆ. ತಗಡು ಬಗ್ಗದಿದ್ರೆ ಕಂಬ ಹೋಗುತ್ತೆ, ಮನೆ..." ಅವನು ಅವಳ ಮುಖ ನೋಡಿದ. ಅವನಿಗೂ ಅರ್ಥವಾಯಿತು.

ಅವಳು ಅವನ ತಾಯಿಯನ್ನು ವಿಚಾರಿಸಿದಳು. ತೀರಿಕೊಂಡರು ಎಂದ. ವಾದ ಮಾಡಿ, ಆಮೇಲೆ ಲೋಟ ತೊಳೆದಿಟ್ಟು ಹೋದ ಆ ಹುಡುಗಿ ಮತ್ತೆ ಯಾಕೆ ಬರಲಿಲ್ಲ ಎಂದು ಕೊನೆಯವರೆಗೂ ಕೇಳುತ್ತಿದ್ದರಂತೆ. ಅಂಥವಳೇ ಈ ಮನೆಗೆ ಬೇಕಿತ್ತು ಎನ್ನುತ್ತಿದ್ದರಂತೆ.

ಅವಳ ಕಣ್ಣು ತುಂಬಿತು.

"ಒಂದು ಮಾತು ಕೇಳಬಹುದಿತ್ತು ನಾನು. ಬಗ್ಗಲಿಲ್ಲ."

"ನಾನೂ ಇನ್ನೊಂದು ಸಲ ಬರಬಹುದಿತ್ತು."

"ಈಗ ಮನೇಲಿ ಯಾರಿದ್ದಾರೆ?"

"ಯಾರೂ ಇಲ್ಲ. ಲೋಟ ನಾನೇ ತೊಳ್ಕೋತೀನಿ."

ಅವಳು ಅಳುತ್ತಲೇ ನಕ್ಕಳು. ಯಂತ್ರ ಗುಂಯ್ ಎನ್ನತೊಡಗಿತು. ಅವಳ ಹೆಗಲಿಗೆ ಒಂದು ಬೆರಳು ಮೆಲ್ಲಗೆ ತಾಕಿತು.

"ಈಗ ಸದ್ದಾಗುತ್ತೆ."

ಅವಳು ಆ ಕೈಯ ಮೇಲೆ ತನ್ನ ಕೈಯಿಟ್ಟಳು. "ಆಗ್ಲಿ... ನೀವು ಕೈ ತೆಗೀಬೇಡಿ."